ಮೊಂಟೆವಿಡಿಯೊದಲ್ಲಿ ಮುಚ್ಚದೆ ಉಳಿದ ಕಡತ

ದೇಹೂ ರೋಡಿನ ಕ್ವಾರ್ಟರ್ಸು

ಮೊದಲೇ ಹೇಳಿಬಿಡುತ್ತೇನೆ, ನಾನು ಊರು ನೋಡಲು ಹೋದವಳಲ್ಲ. ಮೂವತ್ತನಾಲ್ಕು ವರ್ಷಗಳ ಹಿಂದೆ ನಾನೇ ವಾಪಸು ಕಳಿಸಿದ್ದ ಒಂದು ಪತ್ರವನ್ನು ತರಲು ಹೋದೆ. ಅದಕ್ಕಾಗಿ ದಕ್ಷಿಣ ಅಮೆರಿಕದ ಉರುಗ್ವೆ ಎಂಬ ಸಣ್ಣ ದೇಶದವರೆಗೆ ಹೋಗಬೇಕಾಯಿತು. ಮಾಡಿದ ತಪ್ಪು ಅಷ್ಟು ದೂರ ಹೋಗಿ ಕೂತಿದ್ದರೆ ಹಿಂದೆ ಹೋಗದೆ ಉಪಾಯವಿಲ್ಲ.

ನಮ್ಮಪ್ಪ ಇಂಡಿ ತಾಲ್ಲೂಕಿನವರು. ಪುಣೆಯ ಹತ್ತಿರ ದೇಹೂ ರೋಡಿನಲ್ಲಿ ಸೇನೆಯ ಒಂದು ಡಿಪೋದಲ್ಲಿ ಗುಮಾಸ್ತರಾಗಿದ್ದರು. ನೌಕರಿಯಲ್ಲಿರುವಾಗಲೇ ತೀರಿಕೊಂಡರು, ಅವರ ಕುರ್ಚಿ ನನಗೆ ಬಂತು. ಅಣ್ಣ ಪ್ರಹ್ಲಾದ ಆ ಹೊತ್ತಿಗಾಗಲೇ ಹಡಗು ಹತ್ತಿದ್ದ. ಸರಕು ಹಡಗಿನಲ್ಲಿ ಚೀಫ್ ಆಫೀಸರ್ ಆಗುವ ತನಕ ಏರಿದ. ಮನೆಯಲ್ಲಿ ಅಮ್ಮ ಮತ್ತು ನಾನು.

ಒಂದು ಮುಸ್ಸಂಜೆ ಅವನ ಹಡಗು ಉರುಗ್ವೆಯ ರಾಜಧಾನಿ ಮೊಂಟೆವಿಡಿಯೊದ ಬಂದರಿಗೆ ಸಮೀಪಿಸುತ್ತಿತ್ತು. ಕಾವಲಿನಲ್ಲಿ ಅವನಿದ್ದ. ನೀರಿನ ಮೇಲೆ ಮೂರು ಕಿತ್ತಳೆ ಬಣ್ಣದ ಬೆಳಕುಗಳು ಕಂಡವಂತೆ. ಯಾರೋ ಅಪಾಯದಲ್ಲಿದ್ದಾರೆ ಎಂದುಕೊಂಡು ಅತ್ತ ಹಡಗು ತಿರುಗಿಸಿದ. ಹಡಗು ಕೆಸರಿನ ದಿಬ್ಬಕ್ಕೆ ಹತ್ತಿ ಎರಡು ದಿನ ಅಲ್ಲೇ ಕೂತಿತು. ಜೀವಹಾನಿ ಆಗಲಿಲ್ಲ. ಆದರೆ ಅವನು ಹೇಳಿದ ಜಾಗದಲ್ಲಿ ದೋಣಿಯೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ. ಬೆಳಕನ್ನು ಅವನ ಹೊರತು ಯಾರೂ ನೋಡಿರಲಿಲ್ಲ.

ಆ ದೇಶದ ವಾಯುಪಡೆಯಲ್ಲಿ ಇಂಥದ್ದಕ್ಕೇ ಒಂದು ಸಣ್ಣ ಕಚೇರಿ ಇದೆ. ಆಕಾಶದಲ್ಲಿ ಗುರುತು ಸಿಗದ ವಸ್ತು ಕಂಡಿತೆಂದು ಯಾರಾದರೂ ಹೇಳಿದರೆ ಹೋಗಿ ವಿಚಾರಿಸುವುದು ಅದರ ಕೆಲಸ. ಅಲ್ಲಿಂದ ಒಬ್ಬ ಅಧಿಕಾರಿ ಹಡಗಿಗೆ ಬಂದು ಇಡೀ ದಿನ ಕೂತು ಅಣ್ಣನ ಹೇಳಿಕೆ ಬರೆದುಕೊಂಡ. ತನಿಖೆ ಮುಗಿದ ಮೇಲೆ ಪತ್ರ ಬರೆಯುವುದಾಗಿ ಮಾತು ಕೊಟ್ಟ. ಹಡಗಿನವರಿಗೆ ಕಾಯಂ ವಿಳಾಸ ಎಲ್ಲಿಯದು? ಅಣ್ಣ ನನ್ನ ಕ್ವಾರ್ಟರ್ಸಿನ ವಿಳಾಸ ಕೊಟ್ಟ. ಮುಂಬೈಯಲ್ಲಿ ಹಡಗು ಕಂಪನಿಯ ವಿಚಾರಣೆ ನಡೆಯುತ್ತಿದ್ದ ತಿಂಗಳುಗಳಲ್ಲಿ ಪ್ರತಿ ಭಾನುವಾರ ಫೋನು ಮಾಡಿ ಕೇಳುತ್ತಿದ್ದ.

"ಶಾಂತಾ, ನನ್ನ ಹೆಸರಿಗೆ ಏನರ ಬಂದದೇನು?"

"ಇಲ್ಲ ಅಣ್ಣಾ."

ಬಂದಿತ್ತು. ಒಂದು ಮಧ್ಯಾಹ್ನ ಪೋಸ್ಟ್‌ಮನ್ ತಂದ ಲಕೋಟೆಯ ಮೇಲೆ ರೆಕ್ಕೆಯ ಮುದ್ರೆ ಇತ್ತು, ಬೇರೆ ದೇಶದ ವಾಯುಪಡೆಯದು. ವಿದೇಶದವರ ಸಂಪರ್ಕ ಏನೇ ಇದ್ದರೂ ಭದ್ರತಾ ಅಧಿಕಾರಿಗೆ ಬರೆದು ತಿಳಿಸಬೇಕು ಎಂಬುದು ಡಿಪೋದ ನಿಯಮ. ಪತ್ರಮಿತ್ರನಿಂದ ಒಂದು ಶುಭಾಶಯದ ಕಾರ್ಡು ಬಂತೆಂದು ನಮ್ಮ ವಿಭಾಗದ ಒಬ್ಬನನ್ನು ಮೂರು ದಿನ ಕೂರಿಸಿ ಕೇಳಿದ್ದರು. ನನಗೆ ನೌಕರಿ ಸಿಕ್ಕಿ ಎರಡು ವರ್ಷವೂ ಆಗಿರಲಿಲ್ಲ. ವಿದೇಶಿ ಸೈನ್ಯದ ಲಕೋಟೆ ನನ್ನ ಬಾಗಿಲಿಗೆ! ಒಡೆಯಲಿಲ್ಲ. ಮೂಲೆಯಲ್ಲಿ ಇಂಗ್ಲಿಷಿನಲ್ಲಿ 'ವಿಳಾಸದಾರರು ಊರು ಬಿಟ್ಟಿದ್ದಾರೆ' ಎಂದು ದುಂಡಗೆ ಬರೆದು ಪೋಸ್ಟ್‌ಮನ್ ಕೈಗೇ ಹಿಂತಿರುಗಿಸಿದೆ. ಯಾರಿಗೂ ಹೇಳಲಿಲ್ಲ.

ವಿಚಾರಣೆಯಲ್ಲಿ ಅಣ್ಣನ ಪರವಾಗಿ ಒಂದು ಕಾಗದವೂ ಇರಲಿಲ್ಲ. ಹಡಗು ನಡೆಸುವ ಸರ್ಟಿಫಿಕೇಟು ಹೋಯಿತು. ಪುಣೆಗೆ ಬಂದು ಸದಾಶಿವ ಪೇಠದ ಒಂದು ವಾಡೆಯ ಮಹಡಿಯಲ್ಲಿ ಗಣಿತದ ಕ್ಲಾಸು ಹಿಡಿದ. ಕಥೆ ಹೇಗೋ ಊರಿಗೆಲ್ಲ ಗೊತ್ತಾಯಿತು. ಮರಾಠಿಯಲ್ಲಿ ತಬಕಡಿ ಎಂದರೆ ತಟ್ಟೆ, ಹಾರುವ ತಟ್ಟೆಗೂ ಅದೇ ಮಾತು. ಹುಡುಗರು ಅವನಿಗೆ ತಬಕಡಿ ಸರ್ ಎಂದು ಹೆಸರಿಟ್ಟರು. ಅವನು ಕೇಳಿಯೂ ಕೇಳದವನಂತೆ ಬೋರ್ಡು ಒರೆಸುತ್ತಿದ್ದ. ಮದುವೆ ಆಗಲಿಲ್ಲ.

ನಿವೃತ್ತಳಾದ ಮೇಲೆ ನನಗೆ ಧೈರ್ಯ ಬಂತು. ಧೈರ್ಯ ಎನ್ನುವುದಕ್ಕಿಂತ, ಹೆದರಲು ನೌಕರಿ ಉಳಿಯಲಿಲ್ಲ ಎನ್ನುವುದು ಸರಿ. ಉರುಗ್ವೆಯ ಆ ಕಚೇರಿಗೆ ಇಮೇಲ್ ಬರೆದೆ. ನಾಲ್ಕೇ ದಿನಕ್ಕೆ ಉತ್ತರ ಬಂತು. ಕಡತ ಇನ್ನೂ ತೆರೆದೇ ಇದೆ, ಸಾಕ್ಷಿಯನ್ನು, ಅಂದರೆ ನಿಮ್ಮ ಅಣ್ಣನನ್ನು, ಹುಡುಕುತ್ತಿದ್ದೇವೆ, ಒಮ್ಮೆ ಅಂಚೆಯಲ್ಲಿ ಕಳಿಸಿ ಹಿಂದೆ ಬಂದಿರುವುದರಿಂದ ಈಗ ಕೈಯಾರೆ ಮಾತ್ರ ಕೊಡುತ್ತೇವೆ, ಸಾಕ್ಷಿ ಬರಬೇಕು, ಇಲ್ಲವೇ ಅವರ ಒಪ್ಪಿಗೆ ಪತ್ರದೊಡನೆ ರಕ್ತಸಂಬಂಧಿ ಬರಬೇಕು ಎಂದಿತ್ತು. ಅಣ್ಣನಿಗೆ ಈಗ ಎಪ್ಪತ್ತು. ಗ್ಲಾಕೋಮಾದಿಂದ ಕಣ್ಣು ಬಹುಪಾಲು ಹೋಗಿದೆ.

"ಅಣ್ಣಾ, ನಿನ್ನ ಫೈಲ್ ಸಿಕ್ಕದ ಅಂತ," ಎಂದೆ.

"ಮುಚ್ಚಿಲ್ಲೇನು ಇನ್ನೂ?"

"ಇಲ್ಲಂತ. ನಾ ಹೋಗಿ ತರ್ತೀನಿ."

"ಅಷ್ಟು ದೂರ ಒಬ್ಬಾಕೀನೇ ಹೋಗ್ತೀಯೇನು?" ಎಂದವನು ಒಪ್ಪಿಗೆ ಪತ್ರಕ್ಕೆ ತಡವರಿಸುತ್ತ ಸಹಿ ಹಾಕಿದ. ಲಕೋಟೆಯ ವಿಷಯ ನಾನು ಹೇಳಲಿಲ್ಲ.

ಮಾರ್ತಾಳ ಮನೆ

ಎರಡು ವಿಮಾನ ಬದಲಿಸಿ ಮೊಂಟೆವಿಡಿಯೊದಲ್ಲಿ ಇಳಿದಾಗ ಅಂದು ಯಾವ ವಾರ ಎಂಬುದೂ ನನಗೆ ತಿಳಿಯುತ್ತಿರಲಿಲ್ಲ. ಕೋಣೆ ಬಾಡಿಗೆಗೆ ಕೊಟ್ಟಿದ್ದ ಮಾರ್ತಾ ನನ್ನದೇ ವಯಸ್ಸಿನ ವಿಧವೆ. ಬಾಗಿಲು ತೆರೆದವಳೇ ನನ್ನ ಭುಜ ಹಿಡಿದು ಕೆನ್ನೆಗೆ ಮುತ್ತು ಕೊಟ್ಟಳು. ನಾನು ನಮಸ್ಕಾರಕ್ಕೆ ಜೋಡಿಸಿದ್ದ ಕೈ ಅವಳ ಹೊಟ್ಟೆಗೆ ಚುಚ್ಚಿತು. ಅಲ್ಲಿ ಎಲ್ಲರೂ ಎಲ್ಲರಿಗೂ ಹೀಗೆ ಒಂದು ಮುತ್ತು ಕೊಡುತ್ತಾರೆ. ನಲ್ಲಿ ರಿಪೇರಿಗೆ ಬಂದವನೂ ಕೊಟ್ಟು ಹೋದ. ಮೂವತ್ತೈದು ವರ್ಷ ಒಟ್ಟಿಗೆ ಕೆಲಸ ಮಾಡಿದ ಡಿಪೋದ ಸಹೋದ್ಯೋಗಿಗಳ ಕೈಯನ್ನೂ ನಾನು ಕುಲುಕಿದವಳಲ್ಲ. ಮೂರನೆಯ ದಿನದ ಹೊತ್ತಿಗೆ ಅಭ್ಯಾಸವಾಯಿತು, ಕೆನ್ನೆ ತಾನೇ ಮುಂದಾಗತೊಡಗಿತು.

ಮಾರ್ತಾ ಸ್ಪ್ಯಾನಿಷಿನಲ್ಲಿ ಹೇಳಿದ್ದನ್ನು ಅವಳ ಫೋನು ಹಿಂದಿಯಲ್ಲಿ ಒದರುತ್ತಿತ್ತು. ನಾನು ಮಾಂಸ ತಿನ್ನುವುದಿಲ್ಲ ಎಂದಾಗ ಅವಳು ಕಾಯಿಲೆಯವರನ್ನು ನೋಡುವಂತೆ ನೋಡಿದಳು. ಆ ದೇಶದಲ್ಲಿ ಮನುಷ್ಯರಿಗಿಂತ ದನಗಳೇ ಹೆಚ್ಚಂತೆ, ಅಂಗಡಿಯ ಬಾಗಿಲು ದಾಟಿದರೆ ಸುಡುತ್ತಿರುವ ಮಾಂಸದ ವಾಸನೆ. ಮರುದಿನ ಅವಳು ಬೇಕರಿಯಿಂದ ಕಡಲೆಹಿಟ್ಟಿನ ಹಳದಿ ಬಿಲ್ಲೆಯೊಂದನ್ನು ತಂದಿಟ್ಟಳು. ಬಾಯಿಗಿಟ್ಟರೆ ನಮ್ಮ ಝುಣಕದ ವಡಿ! ಮೇಲೆ ಕರಿಮೆಣಸಿನ ಪುಡಿ, ಒಗ್ಗರಣೆ ಇಲ್ಲ, ಅಷ್ಟೇ ವ್ಯತ್ಯಾಸ. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಖಾರವಾಯಿತೆಂದು ಅವಳು ನೀರು ತಂದಳು.

ಆ ಊರು ಬಹಳ ಮೆಲ್ಲಗೆ ನಡೆಯುತ್ತದೆ. ಹಾರ್ನ್ ಇಲ್ಲ. ಪುಣೆಯ ಶಿವಾಜಿನಗರದ ಚೌಕದಲ್ಲಿ ಅರ್ಧ ಗಂಟೆ ನಿಂತವರಿಗೆ ಮೊಂಟೆವಿಡಿಯೊದ ಬೀದಿ ಕರ್ಫ್ಯೂ ಹಾಕಿದಂತೆ ಕಾಣುತ್ತದೆ. ಬಸ್ಸಿಗೆ ಓಡುವವನೂ ಕಂಕುಳಲ್ಲಿ ಬಿಸಿನೀರಿನ ಥರ್ಮಾಸು ಅವುಚಿಕೊಂಡೇ ಓಡುತ್ತಾನೆ. ಕೈಯಲ್ಲಿ ಸೋರೆಬುರುಡೆಯ ಲೋಟ, ಅದರಲ್ಲಿ ಮಾತೆ ಎಂಬ ಒಣ ಸೊಪ್ಪಿನ ಕಷಾಯ, ಹೀರಲು ಒಂದು ಲೋಹದ ಕೊಳವೆ. ಡ್ರೈವರಿನಿಂದ ಪೊಲೀಸನವರೆಗೆ ಎಲ್ಲರಿಗೂ ಇದು ಬೇಕು.

ದಿಕ್ಕು ತಪ್ಪಿಸಿದ ಬಿಸಿಲು

ಕಚೇರಿಯ ಭೇಟಿ ಸೋಮವಾರಕ್ಕಿತ್ತು. ಅದಕ್ಕೂ ಮೊದಲು ಅಣ್ಣನ ಹಡಗು ಸಿಕ್ಕಿಬಿದ್ದ ನೀರನ್ನಾದರೂ ನೋಡೋಣವೆಂದು ದಂಡೆಯ ಮೇಲೆ ನಡೆದೆ. ಅವರು ಅದನ್ನು ನದಿ ಎನ್ನುತ್ತಾರೆ. ಆಚೆ ದಡ ಕಾಣುವುದಿಲ್ಲ, ಅಲೆ ಏಳುತ್ತದೆ, ಹಡಗು ನಿಂತಿವೆ, ಆದರೂ ನದಿಯಂತೆ. ಬಣ್ಣ ಮಾತ್ರ ನಮ್ಮ ಭೀಮೆಗೆ ಮಳೆಗಾಲದಲ್ಲಿ ಹೊಸ ನೀರು ಬಂದಾಗಿನ ಕೆಂಗಂದು.

ವಾಪಸು ಬರುವಾಗ ದಾರಿ ತಪ್ಪಿತು. ನನಗೆ ದಿಕ್ಕು ತಪ್ಪುವ ಅಭ್ಯಾಸವಿಲ್ಲ. ಚಳಿಗಾಲದ ಮಧ್ಯಾಹ್ನ ಬಿಸಿಲು ದಕ್ಷಿಣಕ್ಕಿರುತ್ತದೆ ಎಂಬುದು ಹುಟ್ಟಿದಾಗಿನಿಂದ ಮೈಗೆ ಗೊತ್ತಿರುವ ಸಂಗತಿ. ಅಲ್ಲಿ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಆ ಬಿಸಿಲನ್ನು ನಂಬಿ ಮನೆಯ ಕಡೆ ಎಂದುಕೊಂಡು ಒಂದು ಗಂಟೆ ಮನೆಗೆ ಬೆನ್ನು ಹಾಕಿ ನಡೆದೆ. ಕೊನೆಗೆ ಮೀನು ಹಿಡಿಯುತ್ತಿದ್ದ ಮುದುಕನೊಬ್ಬ ನನ್ನ ಚೀಟಿ ಓದಿ, ಭುಜ ಹಿಡಿದು ಪೂರ್ತಿ ತಿರುಗಿಸಿ ನಿಲ್ಲಿಸಿದ. ಸಂಜೆ ಏಳುವ ಚಂದ್ರನೂ ತಲೆಕೆಳಗು. ನಾವು ಮೊಲ ಎನ್ನುವ ಕಲೆ ಅಲ್ಲಿ ಕಾಲು ಮೇಲೆ ಮಾಡಿಕೊಂಡಿತ್ತು.

ಕಟ್ಟೆಯ ಮೇಲೆ ಕೂತು ಯೋಚಿಸಿದೆ. ಇಂಥ ಆಕಾಶದ ಕೆಳಗೆ ಯಾರಾದರೂ ತಪ್ಪಿ ನೋಡಬಹುದು. ಆದರೆ ಅಣ್ಣ ಈ ಆಕಾಶದ ಕೆಳಗೆ ಹದಿನೈದು ವರ್ಷ ಹಡಗು ನಡೆಸಿದವನು, ಒಂದು ಗಂಟೆ ಬಿಸಿಲು ನಂಬಿ ನಡೆದವನಲ್ಲ. ಅವನಿಗೆ ಭ್ರಮೆ ಎಂದು ನಾವೆಲ್ಲ ಎಷ್ಟು ಸುಲಭವಾಗಿ ಒಪ್ಪಿಕೊಂಡೆವು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಸೋಮವಾರ, ಕಚೇರಿ

ದೊಡ್ಡ ಗೇಟು, ಬಂದೂಕು, ತಪಾಸಣೆ ಎಂದೆಲ್ಲ ಊಹಿಸಿಕೊಂಡು ಹೋದೆ. ನನ್ನ ಡಿಪೋದ ಗೇಟಿನಲ್ಲಿ ಊಟದ ಡಬ್ಬಿಯನ್ನೂ ತೆಗೆಸಿ ನೋಡುತ್ತಿದ್ದರು. ಇಲ್ಲಿ ಒಬ್ಬ ಸೈನಿಕ ಪಾಸ್‌ಪೋರ್ಟ್ ನೋಡಿ, ಒಳಗೆ ಹೋಗಿ ಎಡಕ್ಕೆ ಎಂದ. ಎರಡು ಕೋಣೆ. ಕಬ್ಬಿಣದ ಬೀರು, ಹಗ್ಗ ಬಿಗಿದ ಕಡತದ ಕಟ್ಟುಗಳು, ಹಳೆಯ ಕಾಗದದ ವಾಸನೆ. ಹೊರದೇಶದಲ್ಲಿ ನನಗೆ ಪರಿಚಯದ್ದೆನಿಸಿದ ಮೊದಲ ಜಾಗ ಅದು.

ಅಲ್ಲಿನ ಕರ್ನಲ್ ಐವತ್ತರ ಆಸುಪಾಸಿನವರು, ನಿಧಾನವಾದ ಇಂಗ್ಲಿಷ್. ಮುತ್ತಿನ ಶಾಸ್ತ್ರ ಮುಗಿದ ಮೇಲೆ ಮಾತೆಯ ಬುರುಡೆ ಚಾಚಿದರು. ಅವರು ಹೀರಿದ ಕೊಳವೆಯಲ್ಲೇ ನಾನೂ ಹೀರಬೇಕು. ಎಂಜಲು! ಅಮ್ಮ ಇದ್ದಿದ್ದರೆ ಸ್ನಾನಕ್ಕೆ ಕಳಿಸುತ್ತಿದ್ದಳು. ಕಣ್ಣು ಮುಚ್ಚಿ ಹೀರಿದೆ, ಬೇವಿನ ಕಷಾಯದ ಹಾಗಿತ್ತು. ಹಿಂತಿರುಗಿಸುವಾಗ ಮರ್ಯಾದೆಗೆಂದು ಕಲಿತಿದ್ದ ಒಂದೇ ಪದ, ಗ್ರಾಸಿಯಾಸ್, ಎಂದೆ. ಆಮೇಲೆ ಮೂರು ತಾಸು ಬುರುಡೆ ಅವರಿಂದ ಪಕ್ಕದ ಸಾರ್ಜೆಂಟಿಗೆ, ಸಾರ್ಜೆಂಟಿನಿಂದ ಅವರಿಗೆ ಓಡಾಡಿತು, ನನ್ನ ಕಡೆ ತಿರುಗಲೇ ಇಲ್ಲ. ಬುರುಡೆ ಹಿಂತಿರುಗಿಸುವಾಗ ಧನ್ಯವಾದ ಹೇಳಿದರೆ ಅದಕ್ಕೆ 'ಸಾಕು, ಇನ್ನು ಬೇಡ' ಎಂದರ್ಥವಂತೆ, ಸಂಜೆ ಮಾರ್ತಾ ತಿಳಿಸಿದಳು.

ಕರ್ನಲ್ ತಮ್ಮ ಕೆಲಸದ ರೀತಿ ವಿವರಿಸಿದರು. ತೋಳು ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ ಎಂದರು. ಹಿಡಿದೆ. ಆ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಮೇಲೆ ಕಂಡಿತು ಎಂದು ಸಾಕ್ಷಿಯನ್ನು ಕೇಳುತ್ತಾರೆ. ರೈತನಾದರೂ ಸರಿ, ಪೈಲಟ್ ಆದರೂ ಸರಿ, ಮುಷ್ಟಿ ಎಲ್ಲರಿಗೂ ಇರುತ್ತದೆ. ಆಮೇಲೆ ಅಂದಿನ ವಿಮಾನಗಳ ದಾಖಲೆ, ಗ್ರಹಗಳ ಸ್ಥಾನ, ಗಾಳಿ, ಎಲ್ಲವನ್ನೂ ತಾಳೆ ನೋಡುತ್ತಾರೆ. ಬಹಳಷ್ಟಕ್ಕೆ ಕಾರಣ ಸಿಗುತ್ತದೆ, ಕೆಲವಕ್ಕೆ ಸಿಗುವುದಿಲ್ಲ.

"ಹಾರುವ ತಟ್ಟೆಯನ್ನು ನೀವು ನಂಬುತ್ತೀರಾ?" ಎಂದು ಕೇಳಿದೆ.

"ಅದು ನನ್ನ ಕೆಲಸವಲ್ಲ," ಎಂದರು. "ಒಬ್ಬ ಮನುಷ್ಯ ಏನನ್ನೋ ನೋಡಿದೆ ಎಂದಿದ್ದಾನೆ. ಅವನಿಗೆ ಉತ್ತರ ಕೊಡುವುದು ನನ್ನ ಕೆಲಸ. ಉತ್ತರ ಅವನ ಕೈ ಸೇರುವ ತನಕ ನಾವು ಕಡತ ಮುಚ್ಚುವುದಿಲ್ಲ."

ಕಡತ

ಸಾರ್ಜೆಂಟು ಬೀರುವಿನಿಂದ ಒಂದು ಕಂದು ಕಡತ ತಂದಿಟ್ಟ. ಜೀವಮಾನವಿಡೀ ಕಡತ ಬಿಚ್ಚಿದ ಕೈ ನನ್ನದು, ಅವತ್ತು ಗಂಟು ಬಿಚ್ಚಲು ಬರಲಿಲ್ಲ. ಕರ್ನಲ್ ಬಿಚ್ಚಿದರು.

ಮೇಲೆಯೇ ಆ ಲಕೋಟೆ ಇತ್ತು. ನನ್ನ ಇಪ್ಪತ್ತಾರನೆಯ ವಯಸ್ಸಿನ ದುಂಡು ಅಕ್ಷರ. ಒಂದು ಕಾಗುಣಿತ ತಪ್ಪಿಲ್ಲ, ಕೈ ನಡುಗಿದ ಗುರುತಿಲ್ಲ. ಎಷ್ಟು ಚೆಂದವಾಗಿ ಬರೆದಿದ್ದೆ!

ಅದರ ಕೆಳಗೆ ಒಂದು ಉದ್ದನೆಯ ಹಾಳೆ. ಪ್ರತಿ ವರ್ಷ ಒಮ್ಮೆ ಮುಚ್ಚದ ಕಡತಗಳನ್ನೆಲ್ಲ ಹೊರಗೆ ತೆಗೆದು, ಆಗಿನ ಮುಖ್ಯ ಅಧಿಕಾರಿ ಒಂದು ಸಾಲು ಬರೆದು ಸಹಿ ಮಾಡಬೇಕಂತೆ. ಸಾಕ್ಷಿ ಸಿಕ್ಕಿಲ್ಲ. ಮತ್ತೆ ಮರುವರ್ಷ, ಸಾಕ್ಷಿ ಸಿಕ್ಕಿಲ್ಲ. ಶಾಯಿ ಬದಲಾಗಿದೆ, ಅಕ್ಷರ ಬದಲಾಗಿದೆ, ಅಧಿಕಾರಿಗಳು ನಿವೃತ್ತರಾಗಿದ್ದಾರೆ, ಆ ಸಾಲು ಮಾತ್ರ ಒಂದೇ. ಪುಣೆಯ ಹುಡುಗರು ಬೋರ್ಡಿನ ಮೇಲೆ ತಟ್ಟೆ ಬಿಡಿಸಿ ನಗುತ್ತಿದ್ದ ವರ್ಷಗಳಲ್ಲಿ, ಜಗತ್ತಿನ ಈ ಕೊನೆಯಲ್ಲಿ ಯಾರೋ ಅಪರಿಚಿತರು ವರ್ಷಕ್ಕೊಮ್ಮೆ ನನ್ನಣ್ಣನನ್ನು ಹುಡುಕಿ ಸಹಿ ಹಾಕುತ್ತಿದ್ದರು. ನಾನು ಅತ್ತೆ. ಮುಸಿಮುಸಿ ಅಲ್ಲ, ಮನೆಯಲ್ಲಿ ಸಾವಾದವರ ಹಾಗೆ ಅತ್ತೆ.

"ಈ ಅಕ್ಷರ ನನ್ನದು," ಎಂದೆ ಕರ್ನಲ್‌ಗೆ. ನಿಯಮದ ಭಯ, ನೌಕರಿ, ಭಾನುವಾರದ ಫೋನು, ಎಲ್ಲ ಹೇಳಿದೆ. ಜಗತ್ತಿನಲ್ಲಿ ಮೊದಲು ಹೇಳಿದ್ದು ಅವರಿಗೇ.

ಅವರು ಕನ್ನಡಕ ತೆಗೆದು ಒರೆಸಿದರು. "ನಾನೂ ಸೈನ್ಯದವನು," ಎಂದರು. "ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೆ ಕ್ಷಮಿಸುವ ಅಧಿಕಾರ ನನಗಿಲ್ಲ."

ತನಿಖೆಯ ಫಲ ಒಂದೇ ಪುಟ. ಬೆಳಕು ನಿಜ. ಆ ಸಂಜೆ ಅಭ್ಯಾಸಕ್ಕೆ ಬಂದಿದ್ದ ಒಂದು ವಿಮಾನ ಪ್ಯಾರಾಚೂಟಿಗೆ ಕಟ್ಟಿದ ದೀಪಗಳನ್ನು ನೀರಿನ ಮೇಲೆ ಇಳಿಬಿಟ್ಟಿತ್ತು. ಸಾಕ್ಷಿ ಹೇಳಿದ ಹೊತ್ತು, ಬಣ್ಣ, ದಿಕ್ಕು ಸರಿಯಾಗಿವೆ. ಸಾಕ್ಷಿ ಎಚ್ಚರದಲ್ಲಿದ್ದ, ಪ್ರಾಮಾಣಿಕನಾಗಿದ್ದ, ಅವನ ಜಾಗದಲ್ಲಿ ಯಾವ ನಾವಿಕನೂ ಹಾಗೆಯೇ ಮಾಡುತ್ತಿದ್ದ. ಈ ಒಂದು ಪುಟ ಮುಂಬೈಯ ವಿಚಾರಣೆಯ ಮೇಜಿನ ಮೇಲಿದ್ದಿದ್ದರೆ! ಪತ್ರದ ಮೇಲಿನ ತಾರೀಖು ವಿಚಾರಣೆ ಮುಗಿಯುವುದಕ್ಕೆ ಆರು ವಾರ ಮೊದಲಿನದು.

ಕೊನೆಯಲ್ಲಿ ಸಾಕ್ಷಿಯ ಫಾರಂ ಇತ್ತು. ಈ ಕಾರಣವನ್ನು ಒಪ್ಪುತ್ತೀರಾ, ಹೌದು ಅಥವಾ ಇಲ್ಲ, ಕೆಳಗೆ ಸಹಿ. ರಕ್ತಸಂಬಂಧಿಯಾಗಿ ನೀವೇ ಸಹಿ ಮಾಡಬಹುದು, ಇಂದೇ ಕಡತ ಮುಚ್ಚುತ್ತದೆ ಎಂದರು ಕರ್ನಲ್. ಪೆನ್ನನ್ನೂ ಕೊಟ್ಟರು. ಅಣ್ಣನ ಪರವಾಗಿ ನಾನು ಒಮ್ಮೆ ಬರೆದದ್ದೇ ಸಾಕಾಗಿತ್ತು. ಬೇಡ, ಅವನೇ ಮಾಡಲಿ ಎಂದು ಪೆನ್ನು ವಾಪಸು ಕೊಟ್ಟೆ.

ನನಗಾಗಿ ಎಲ್ಲದರ ಪ್ರತಿ ತೆಗೆಯುವಾಗ ಸಾರ್ಜೆಂಟು ಲಕೋಟೆಯನ್ನು ಎತ್ತಿ ಹಿಡಿದು ಕರ್ನಲ್ ಮುಖ ನೋಡಿದ. ಕರ್ನಲ್ ನನ್ನ ಮುಖ ನೋಡಿದರು.

"ಇದರ ಪ್ರತಿ ಕೊಡಲೇಬೇಕೆಂದೇನಿಲ್ಲ," ಎಂದರು.

"ಕೊಡಿ," ಎಂದೆ.

ಸದಾಶಿವ ಪೇಠ

ಮನೆಗೆ ಬಂದ ಮರುದಿನ ಬೆಳಿಗ್ಗೆ ಅಣ್ಣನ ಕೋಣೆಗೆ ಹೋದೆ. ಕ್ಲಾಸು ನಿಂತು ವರ್ಷಗಳಾದವು, ಬೋರ್ಡು ಮಾತ್ರ ಗೋಡೆಯ ಮೇಲಿದೆ. ಕೆಳಗೆ ರಿಕ್ಷಾ, ಸ್ಕೂಟರುಗಳ ಗದ್ದಲ. ಕಿಟಕಿ ಹಾಕಿದೆ.

"ಓದು," ಎಂದ.

ಅವನಿಗೆ ಅಕ್ಷರ ಕಾಣುವುದಿಲ್ಲ, ಓದುವವಳು ನಾನೇ. ಇಷ್ಟು ದಿನ ಇದು ನನಗೆ ಹೊಳೆದಿರಲಿಲ್ಲ. ಲಕೋಟೆಯ ಹಾಳೆಯನ್ನು ಮಗುಚಿ ಮುಂದೆ ಹೋದರೆ ಅವನಿಗೆ ಸಾಯುವವರೆಗೂ ಗೊತ್ತಾಗುವುದಿಲ್ಲ. ಹಾಳೆ ಕೈಯಲ್ಲಿ ಹಿಡಿದು ಕೂತೆ. ಮಗುಚುವ ಆಸೆಯಾಯಿತು, ಸುಳ್ಳೇಕೆ ಹೇಳಲಿ.

"ಅಣ್ಣಾ, ಮೊದಲ ಒಂದು ಲಕೋಟಿ ಅದ," ಎಂದೆ. "ನಿನ್ನ ಹೆಸರಿಗೆ ಬಂದಿದ್ದು. ದೇಹೂ ರೋಡಿಗೆ ಬಂದಿತ್ತು. ನಾನ ತಿರುಗಿ ಕಳಿಸಿದೆ. ನೀ ಊರಾಗಿಲ್ಲ ಅಂತ ಬರದು ಕಳಿಸಿದೆ. ನೌಕರಿ ಹೋಗ್ತದಂತ ಭಾಳ ಹೆದರಿದ್ದೆ."

ಕೆಳಗೆ ಯಾರೋ ಸ್ಕೂಟರು ತೆಗೆಯಿರೆಂದು ಮರಾಠಿಯಲ್ಲಿ ಜಗಳವಾಡುತ್ತಿದ್ದರು. ಆ ಜಗಳ ಶುರುವಾಗಿ ಮುಗಿದೇ ಹೋಯಿತು.

"ಮುಂದ ಓದು," ಎಂದ.

ಓದಿದೆ. ಬೆಳಕು ನಿಜ ಎಂಬಲ್ಲಿ ಅವನು ನನ್ನ ಕಡೆ ಬಾಗಿದ. ಪ್ರಾಮಾಣಿಕ ಎಂಬ ಮಾತನ್ನು ಎರಡು ಸಲ ಓದಿಸಿಕೊಂಡ. ಮುಗಿದ ಮೇಲೆ ಪ್ಯಾರಾಚೂಟಿನ ದೀಪದ ಸಾಲನ್ನು ಮತ್ತೆ ಓದಿಸಿ, ಕೈಯೆತ್ತಿ ತಡೆದ.

"ಅಲ್ಲ," ಎಂದ. "ಅದಲ್ಲ ನಾ ನೋಡಿದ್ದು. ಪ್ಯಾರಾಚೂಟ್ ಕೆಳಗ ಇಳೀತದ. ಅವು ಮ್ಯಾಲ ಏರಿದವು. ಹಡಗಿಗೆ ಬಂದಿದ್ದ ಆ ಆಫೀಸರನ ಮುಂದ ಹಂಗ ಹೇಳಿದ್ದೆ."

"ಹಡಗು ತಿರುಗುವಾಗ ಹಂಗ ಕಂಡಿರಬೇಕು ಅಂತ ಬರದಾರ ಅಣ್ಣಾ."

"ಅವರು ಛೊಲೊ ಮಂದಿ. ಆದ್ರ ಅಲ್ಲ. ಇಲ್ಲ ಅಂತ ಗುರುತು ಹಾಕು, ನಾ ಸೈನ್ ಮಾಡ್ತೀನಿ."

"ಇಲ್ಲ ಅಂದ್ರ ಕಡತ ಮುಚ್ಚೂದಿಲ್ಲ."

"ಮುಚ್ಚಬ್ಯಾಡ."

ನಾನು ಗುರುತು ಹಾಕಿದೆ. ಅವನ ಬೆರಳನ್ನು ಸಹಿಯ ಜಾಗಕ್ಕೆ ಮುಟ್ಟಿಸಿದೆ. ಸಹಿ ಮಾಡಿ ಪೆನ್ನು ಹಿಡಿದುಕೊಂಡೇ ಕೂತ.

"ಆವಾಗ ಈ ಕಾಗದ ಕೈಗೆ ಸಿಕ್ಕಿದ್ರ ನೌಕರಿ ಉಳೀತಿತ್ತು," ಎಂದ. ದನಿ ಏರಲಿಲ್ಲ, ಅದರಿಂದಲೇ ನನಗೆ ಹೆಚ್ಚು ನೋವಾಯಿತು. "ಹೌದು ಅಂತ ಒಂದು ಸೈನ್, ಅಷ್ಟ. ಆ ಸೈನ್ ನಾ ಮಾಡ್ತಿದ್ನೇನು? ಹೊಟ್ಟೀಗಂತ ಸುಳ್ಳು ಒಪ್ಪತಿದ್ನೋ, ಇಲ್ಲೋ? ಎಷ್ಟು ವಿಚಾರ ಮಾಡಿದ್ರೂ ಇನ್ನ ನನಗ ಗೊತ್ತಾಗೂದಿಲ್ಲ. ಅದೊಂದು ನೀ ಕಸಕೊಂಡಿ, ಶಾಂತಾ."

ತಪ್ಪಾಯಿತು ಎಂದೆ.

ಫಾರಂನ ಕೆಳಗೆ ನಾಲ್ಕು ಗೆರೆ ಖಾಲಿ ಇದ್ದವು, ಒಪ್ಪದಿದ್ದರೆ ಕಾರಣ ಬರೆಯಲು. ಪೆನ್ನು ಅವನ ಕೈಯಿಂದ ತೆಗೆದುಕೊಂಡು ಕಾಗದ ಸರಿಮಾಡಿಕೊಂಡೆ. ಬೇರೆ ದೇಶದ ಒಬ್ಬ ಅಧಿಕಾರಿ ದಿನವಿಡೀ ಕೂತು ಕೇಳಿದ್ದ ಪ್ರಶ್ನೆಯನ್ನು ಅವನ ತಂಗಿಯಾಗಿ ನಾನು ಇಷ್ಟು ವರ್ಷಗಳಲ್ಲಿ ಒಂದು ಸಲವೂ ಕೇಳಿರಲಿಲ್ಲ.

"ಅಣ್ಣಾ, ನೀ ಏನ್ ನೋಡಿದಿ?"

ಅವನು ಮುಖವನ್ನು ನನ್ನ ದನಿಯ ಕಡೆ ತಿರುಗಿಸಿದ.

"ಪೆನ್ನು ಕೆಳಗಿಡು," ಎಂದ. "ಮೊದಲ ಕೇಳು."